ಗಟ್ಟಿ ಸ್ಪ್ರಿಂಗೋ, ಮೆತ್ತನೆ ಸ್ಪ್ರಿಂಗೋ?

ಹಾಸನದ ಪಕ್ಕದ ಬೂವನಹಳ್ಳಿಯಲ್ಲಿ ರಸ್ತೆ ಬದಿ ಸ್ವಲ್ಪ ಹೊತ್ತು ನಿಂತರೆ ಸಾಕು, ಎಲ್ಲ ಬಗೆಯ ಗಾಡಿಗಳೂ ಕಣ್ಣಿಗೆ ಬೀಳುತ್ತವೆ. ಆಲೂಗಡ್ಡೆ ಮೂಟೆ ಹೇರಿಕೊಂಡ ಟ್ರ್ಯಾಕ್ಟರ್, ಕೆಂಪು ಬಸ್ಸು, ಆಟೋ, ಮಂಗಳೂರಿನ ಕಡೆ ಹೊರಟ ಕಾರು. ಗುಂಡಿ ಒಂದೇ ಇರಬಹುದು, ಆದರೆ ಅದರೊಳಗೆ ಇಳಿದಾಗ ಒಂದೊಂದು ಗಾಡಿಯ ಕುಣಿತ ಒಂದೊಂದು ಥರ. ಟ್ರ್ಯಾಕ್ಟರ್ ಓಡಿಸುವವರಂತೂ ಸೀಟಿನಿಂದ ಎಗರಿ ಬೀಳುತ್ತಾರೆ. ಪಾಪ, ಅದರ ಹಿಂದಿನ ಅಚ್ಚಿಗೆ ಸಾಮಾನ್ಯವಾಗಿ ಸ್ಪ್ರಿಂಗೇ ಇರುವುದಿಲ್ಲ. ದಪ್ಪ ಟೈರಿನೊಳಗಿನ ಗಾಳಿ ಮತ್ತು ಸೀಟಿನ ಕೆಳಗಿನ ಸ್ಪ್ರಿಂಗು, ಇಷ್ಟರಲ್ಲೇ ಅವರು ಸುಧಾರಿಸಿಕೊಳ್ಳಬೇಕು. ಬಸ್ಸಿನ ಕೊನೇ ಸೀಟು ನಿಮಗೆಲ್ಲ ಯಾಕೆ ಇಷ್ಟ ಅಂತ ನನಗೆ ಗೊತ್ತು. ಅದು ಹಿಂದಿನ ಚಕ್ರಕ್ಕಿಂತಲೂ ಹಿಂದೆ ಚಾಚಿಕೊಂಡಿರುವುದರಿಂದ ಅಲ್ಲಿ ಕೂತವರನ್ನು ಹೆಚ್ಚು ಎತ್ತಿಹಾಕುತ್ತದೆ!

ಇದೇ ರಸ್ತೆಯಲ್ಲಿ ಓಡಾಡುವ ಒಂದು ಕಾರಿಗೆ ಇನ್ನೊಂದು ಆಸೆಯೂ ಇದೆ ಅಂದುಕೊಳ್ಳಿ. ಕೊಯಮತ್ತೂರಿನ ಹತ್ತಿರ 2003ರಲ್ಲಿ ಶುರುವಾದ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈಯಲ್ಲೂ ಒಂದು ರೇಸ್ ಟ್ರ್ಯಾಕ್ ಇದೆ. ಇಂಥ ಕಡೆ ಕೆಲವು ದಿನ ಜನ ತಮ್ಮ ಸ್ವಂತ ಕಾರನ್ನೇ ತಂದು, ಎದುರು ಗಾಡಿಯ ಭಯವಿಲ್ಲದೆ ಜೋರಾಗಿ ಓಡಿಸಬಹುದು. ಅದಕ್ಕೆ ‘ಟ್ರ್ಯಾಕ್ ಡೇ’ ಅನ್ನುತ್ತಾರೆ. ಭಾನುವಾರ ಅಲ್ಲಿ ಓಡಿದ ಕಾರೇ ಸೋಮವಾರ ಮಕ್ಕಳನ್ನು ಕೂರಿಸಿಕೊಂಡು ಹೊಳೆನರಸೀಪುರಕ್ಕೆ ಹೋಗಬೇಕು. ಹಾಗಾದರೆ ಅದರ ಸ್ಪ್ರಿಂಗು ಎಷ್ಟು ಗಟ್ಟಿ ಇರಬೇಕು?

ಉತ್ತರಕ್ಕೆ ಒಂದು ದಾರ ಬೇಕು. ತುದಿಗೆ ಸಣ್ಣ ಕಲ್ಲು ಕಟ್ಟಿ, ಬೆರಳಿನಿಂದ ಕಲ್ಲಿನ ನಡುವಿನವರೆಗೆ 25 ಸೆಂಟಿಮೀಟರ್ ಬರುವ ಹಾಗೆ ಹಿಡಿದು ಮೆಲ್ಲಗೆ ತೂಗಿಬಿಡಿ. ಹೋಗಿ ಬರಲು ಅದಕ್ಕೆ ಸರಿಸುಮಾರು ಒಂದು ಸೆಕೆಂಡು ಬೇಕು. ಈಗ ದಾರವನ್ನು ಕಾಲು ಭಾಗಕ್ಕೆ, ಅಂದರೆ 6 ಸೆಂಟಿಮೀಟರ್ ಚಿಲ್ಲರೆಗೆ ಇಳಿಸಿ. ಕಲ್ಲು ಚುರುಕಾಗಿ ಒಂದೇ ಸೆಕೆಂಡಿನಲ್ಲಿ ಎರಡು ಸಲ ಹೋಗಿ ಬರುತ್ತದೆ. ಕಾರಿನ ಸ್ಪ್ರಿಂಗೂ ಇದೇ ಲೆಕ್ಕಕ್ಕೆ ಕುಣಿಯುತ್ತದೆ ಅನ್ನುವುದೇ ಸೋಜಿಗ. ಕಾರಿನ ಭಾರಕ್ಕೆ 25 ಸೆಂಟಿಮೀಟರ್ ಕುಸಿಯುವ ಸ್ಪ್ರಿಂಗು ಸೆಕೆಂಡಿಗೆ ಒಂದು ಸಲ ಮೇಲೆ ಕೆಳಗೆ ಆಡುತ್ತದೆ. ನಾಲ್ಕು ಪಟ್ಟು ಗಟ್ಟಿ ಸ್ಪ್ರಿಂಗು ಹಾಕಿದರೆ ಕುಸಿತ ಕಾಲು ಭಾಗವಾಗುತ್ತದೆ, ಕುಣಿತ ಎರಡು ಪಟ್ಟಾಗುತ್ತದೆ. ಭಾರ ಹೆಚ್ಚಿದಷ್ಟೂ ಸ್ಪ್ರಿಂಗು ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ ಅಥವಾ ಹಿಗ್ಗುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ ಎಂಬ ವಿಜ್ಞಾನಿ 1678ರಲ್ಲೇ ಬಿಡಿಸಿ ಹೇಳಿದ್ದ.

ಮನೆ ಮಂದಿ ಓಡಾಡುವ ಕಾರು ಸಾಮಾನ್ಯವಾಗಿ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ಆಡುವಂತೆ ಇರುತ್ತದೆ. ಟ್ರ್ಯಾಕಿಗೆಂದೇ ಮಾಡಿದ ಕಾರಿನಲ್ಲಿ ಇದು ಎರಡನ್ನು ದಾಟುತ್ತದೆ. ಇನ್ನೂ ಗಟ್ಟಿ ಮಾಡುತ್ತಾ ಹೋದರೆ ನಮ್ಮ ಮೈಗೇ ಕಷ್ಟ. ಸೆಕೆಂಡಿಗೆ 4ರಿಂದ 8 ಸಲದ ಅದುರಾಟ ಹೊಟ್ಟೆ, ಬೆನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಹಾಗಂತ ತೀರಾ ಮೆತ್ತಗೂ ಮಾಡುವಂತಿಲ್ಲ. ಅರ್ಧ ಸೆಕೆಂಡಲ್ಲ, ಎರಡು, ಮೂರು, ಐದು ಸೆಕೆಂಡಿಗೊಮ್ಮೆ ನಿಧಾನವಾಗಿ ತೂಗಿದರೆ ವಾಕರಿಕೆ ಬರುತ್ತದೆ. ಹಡಗಿನಲ್ಲಿ ಹೋದವರನ್ನು ಕೇಳಿ ನೋಡಿ.

ಟ್ರ್ಯಾಕಿಗೆ ಗಟ್ಟಿ ಸ್ಪ್ರಿಂಗು ಯಾಕೆ? ತಿರುವಿನಲ್ಲಿ ಕಾರು ಹೊರಬದಿಗೆ ವಾಲುತ್ತದೆ, ಬ್ರೇಕ್ ಒತ್ತಿದಾಗ ಮೂತಿ ಬಗ್ಗಿಸುತ್ತದೆ. ವಾಲಿದಾಗ ಟೈರು ನೆಲಕ್ಕೆ ನೆಟ್ಟಗೆ ಕೂರದೆ ಅಂಚಿನ ಮೇಲೆ ನಿಲ್ಲುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಟ್ರ್ಯಾಕಿನ ನೆಲ ನುಣುಪು, ಗುಂಡಿಯ ಚಿಂತೆಯಿಲ್ಲ. ಹಾಗಾಗಿ ಸ್ಪ್ರಿಂಗು ಬಿಗಿ ಮಾಡಿ ವಾಲಾಟ ತಗ್ಗಿಸಬಹುದು, ಕಾರನ್ನು ನೆಲಕ್ಕೆ ಹತ್ತಿರವಾಗಿಯೂ ಇಳಿಸಬಹುದು.

ಅದೇ ಕಾರು ಊರಿಗೆ ಬರಲಿ ನೋಡೋಣ. ನಮ್ಮ ದೇಶದ ರಸ್ತೆ ನಿಯಮದ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟಲೆಂದು ಮಾಡಿದ ಲೆಕ್ಕ ಅದು. ಊರವರೇ ರಾತ್ರೋರಾತ್ರಿ ಹಾಕಿಕೊಂಡ ಹಂಪಿಗೆ ಯಾವ ಲೆಕ್ಕವೂ ಇಲ್ಲ ಬಿಡಿ! ತಗ್ಗಿಸಿದ ಕಾರಿನ ಹೊಟ್ಟೆ ಅಲ್ಲಿ ಕರಕರ ಉಜ್ಜುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಕಿತ್ತುಹೋದ ಡಾಂಬರಿನ ಮೇಲೆ ಬಿಗಿ ಸ್ಪ್ರಿಂಗಿನ ಚಕ್ರ ನೆಲ ಬಿಟ್ಟು ಪುಟಿಯುತ್ತದೆ. ಗಾಳಿಯಲ್ಲಿರುವ ಟೈರಿಗೆ ಬ್ರೇಕೂ ಗೊತ್ತಿಲ್ಲ, ಸ್ಟೇರಿಂಗೂ ಗೊತ್ತಿಲ್ಲ. ಸ್ಪ್ರಿಂಗು ಮತ್ತು ಅದರ ಜೊತೆಗಾರರನ್ನೆಲ್ಲ ಸೇರಿಸಿ ಸಸ್ಪೆನ್ಷನ್ ಅನ್ನುತ್ತಾರೆ. ಅದರ ಮೊದಲ ಕೆಲಸ ನಮ್ಮ ಬೆನ್ನು ಕಾಯುವುದಲ್ಲ, ಟೈರನ್ನು ನೆಲದ ಮೇಲೆ ಇಟ್ಟಿರುವುದು.

ಗಟ್ಟಿ ಸ್ಪ್ರಿಂಗಿದ್ದರೇ ರೇಸ್ ಕಾರು ಅನ್ನುವವರು ಪಕ್ಕದ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುವ ರ್‍ಯಾಲಿ ನೋಡಬೇಕು. ಮಣ್ಣು, ಕಲ್ಲು, ಕೊರಕಲಿನ ದಾರಿಯಲ್ಲಿ ಹಾರಿ ಇಳಿಯುವ ಆ ಕಾರುಗಳ ಚಕ್ರಕ್ಕೆ ಮೇಲೆ ಕೆಳಗೆ ಆಡಲು ಧಾರಾಳ ಜಾಗ ಇರುತ್ತದೆ. ಸ್ಪ್ರಿಂಗು ಟ್ರ್ಯಾಕಿನ ಕಾರಿನಷ್ಟು ಬಿಗಿ ಇರುವುದಿಲ್ಲ. ಅವೂ ರೇಸ್ ಕಾರುಗಳೇ.

ಎರಡೂ ಕಡೆ ಓಡಬೇಕಾದ ಕಾರಿಗೆ ಜಾಣರು ಸ್ಪ್ರಿಂಗನ್ನು ಮಾತ್ರ ನಂಬುವುದಿಲ್ಲ. ಸ್ಟೆಬಿಲೈಸರ್ ರಾಡ್ ಅಂತ ಒಂದಿದೆ. ಎಡ ಬಲ ಚಕ್ರಗಳನ್ನು ಸೇರಿಸುವ ಬಾಗಿದ ಉಕ್ಕಿನ ಸರಳು ಅದು. ಹಂಪಿನ ಮೇಲೆ ಎರಡೂ ಚಕ್ರ ಒಟ್ಟಿಗೆ ಎದ್ದರೆ ಸರಳು ಸುಮ್ಮನೆ ತಿರುಗುತ್ತದೆ, ಅಡ್ಡಿ ಮಾಡುವುದಿಲ್ಲ. ತಿರುವಿನಲ್ಲಿ ಒಂದು ಬದಿ ಕುಸಿದು ಇನ್ನೊಂದು ಎದ್ದರೆ ಅದು ತಿರುಚಿಕೊಂಡು ತಡೆಯುತ್ತದೆ. ಸ್ಪ್ರಿಂಗು ಮೆತ್ತಗಿದ್ದರೂ ವಾಲಾಟ ಕಡಿಮೆ! ಆದರೆ ಒಂದೇ ಚಕ್ರ ಗುಂಡಿಗೆ ಬಿದ್ದಾಗ ಅದರ ಕುಲುಕಾಟ ಪಕ್ಕದ ಚಕ್ರಕ್ಕೂ ದಾಟುತ್ತದೆ. ಹಾಗಾಗಿ ಇದನ್ನೂ ವಿಪರೀತ ಬಿಗಿ ಮಾಡುವಂತಿಲ್ಲ.

ಇನ್ನೊಂದು ಶಾಕ್ ಅಬ್ಸಾರ್ಬರ್. ಸೂಜಿ ಸಿಕ್ಕಿಸಿದ ಸಿರಿಂಜಿನಿಂದ ನೀರು ತಳ್ಳುವಾಗ ಬೆರಳಿಗೆ ಬಿಗಿ ಸಿಗುತ್ತದಲ್ಲ, ಅದರೊಳಗೂ ಹಾಗೆಯೇ ಸಣ್ಣ ತೂತುಗಳ ಮೂಲಕ ಎಣ್ಣೆ ನುಗ್ಗಬೇಕು. ನುಗ್ಗುವಾಗ ಕುಣಿತದ ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ. ಕೆಲವು ಶಾಕ್‌ಗಳಿಗೆ ಪುಟ್ಟ ತಿರುಪು ಇರುತ್ತದೆ. ಟ್ರ್ಯಾಕಿನಲ್ಲಿ ಕಟಕ್ ಕಟಕ್ ಅಂತ ಬಿಗಿ ಮಾಡಿ, ಮನೆಗೆ ಹೊರಡುವ ಮುಂಚೆ ಸಡಿಲಿಸಿದರಾಯಿತು. ಟೈರಿನ ಗಾಳಿಯನ್ನೂ ಮರೆಯುವಂತಿಲ್ಲ. ಜೋರಾಗಿ ಓಡಿ ಟೈರು ಬಿಸಿಯಾದಾಗ ಒತ್ತಡ ಹಲವು ಪಾಯಿಂಟ್ ಏರುತ್ತದೆಂದು ಅಲ್ಲಿ ಮೊದಲೇ ಸ್ವಲ್ಪ ಕಡಿಮೆ ಹಾಕಿರುತ್ತಾರೆ. ವಾಪಸ್ಸು ಬರುವಾಗ ರಸ್ತೆಗೆ ತಕ್ಕಷ್ಟು ತುಂಬಿಸಲೇಬೇಕು.

ನನ್ನನ್ನು ಕೇಳಿದರೆ, ಇರುವುದು ಒಂದೇ ಕಾರಾದರೆ ಸ್ಪ್ರಿಂಗನ್ನು ದಿನವೂ ಓಡಾಡುವ ರಸ್ತೆಗೆ ಹೊಂದಿಸಿ, ಟ್ರ್ಯಾಕಿಗೆ ಶಾಕ್ ಮತ್ತು ಗಾಳಿಯಲ್ಲಿ ಸುಧಾರಿಸಿಕೊಳ್ಳುವುದೇ ಸರಿ. ಎರಡು ಸುತ್ತು ನಿಧಾನವಾದರೆ ಏನೂ ಮುಳುಗುವುದಿಲ್ಲ.

ಮನೆಯಲ್ಲೋ ಪಕ್ಕದಲ್ಲೋ ಹಳೇ ಕಾರಿದ್ದರೆ ದೊಡ್ಡವರನ್ನು ಕರೆದುಕೊಂಡು ಹೋಗಿ. ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಹಾಕಿರಲಿ. ಒಂದು ಮೂಲೆಯನ್ನು ಜೋರಾಗಿ ಒತ್ತಿ ಬಿಡಲು ಅವರಿಗೆ ಹೇಳಿ, ನೀವು ಎಣಿಸಿ. ಒಮ್ಮೆ ಎದ್ದು ನಿಂತುಬಿಟ್ಟರೆ ಸರಿ. ಮೂರು ನಾಲ್ಕು ಸಲ ಕುಣಿಯುತ್ತಲೇ ಇದ್ದರೆ ಶಾಕ್ ಸವೆದಿದೆ. ಗ್ಯಾರೇಜಿಗೆ ತೋರಿಸಲು ಹೇಳಿ.