ಕೌದಿ ಹೊಲಿಯುವ ಕೈಗೆ ಒಂದು ತಾಸು
(ಸಂಘದ ವಾರ್ಷಿಕ ಸಭೆಯ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



'ಗೃಹಿಣಿ ಮತ್ತು ಸೃಜನಶೀಲತೆ' ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ನನಗೆ ಹೇಳಿದ್ದಾರೆ. ವಿಷಯ ದೊಡ್ಡದು. ನಾನು ಉರ್ದು ಮತ್ತು ಕನ್ನಡ ಕಲಿಸುವ ಒಬ್ಬ ಸಾಮಾನ್ಯ ಶಿಕ್ಷಕಿ. ಆದ್ದರಿಂದ ನಮ್ಮ ನಿಮ್ಮೆಲ್ಲರ ಮನೆಯಲ್ಲಿ ಇರುವ ಒಂದೇ ಒಂದು ವಸ್ತುವನ್ನು ಹಿಡಿದು ಮಾತನಾಡುತ್ತೇನೆ. ಅದು ಕೌದಿ. ಮನೆಮಾತಿನಲ್ಲಿ ನಾವು ಗುದಡಿ ಎನ್ನುತ್ತೇವೆ.

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಗೆ ಉರ್ದು ನುಡಿಗಟ್ಟುಗಳನ್ನು ಕಲಿಸುತ್ತಿದ್ದೆ. 'ಗುದಡೀ ಕಾ ಲಾಲ್' ಎಂಬ ನುಡಿಗಟ್ಟು ಬಂತು. ಚಿಂದಿಯಲ್ಲಿ ಅಡಗಿರುವ ಮಾಣಿಕ್ಯ, ಅಂದರೆ ಬಡವರ ಮನೆಯಲ್ಲಿ ಹುಟ್ಟಿದ ಪ್ರತಿಭಾವಂತ ಎಂದು ಅರ್ಥ ಹೇಳಿದೆ. ಗುದಡಿ ಎಂದರೆ ಫಕೀರರು ಹೊದೆಯುವ ತೇಪೆ ಬಟ್ಟೆ ಎಂದೂ ಸೇರಿಸಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಟೀಚರ್, ನಮ್ಮ ಅಮ್ಮಿ ದಿನಾಲೂ ಗುದಡಿ ಹೊಲಿಯುತ್ತಾರೆ. ಲಾಲ್‌ಗೆ ಬೆಲೆ ಇದೆ, ಗುದಡಿಗೆ ಬೆಲೆ ಇಲ್ಲವೇ?"

ಉತ್ತರ ನನ್ನ ಬಾಯಿಗೆ ಬರಲಿಲ್ಲ. ಏಕೆಂದರೆ ನನ್ನ ಅಮ್ಮಿಯೂ ಗುದಡಿ ಹೊಲಿಯುತ್ತಿದ್ದವರೇ. ನಾನು ಅವರಿಗೆ ಮಾಡಿದ ಒಂದು ಅನ್ಯಾಯ ಆ ಕ್ಷಣ ನೆನಪಾಯಿತು. ಅದನ್ನು ನಿಮ್ಮ ಮುಂದೆ ಮುಚ್ಚಿಡುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ಒಂಬತ್ತು ಜನರ ಕೂಡು ಕುಟುಂಬದಲ್ಲಿ. ಬೆಳಗಿನ ನಮಾಜಿನಿಂದ ರಾತ್ರಿ ಪಾತ್ರೆ ತೊಳೆಯುವವರೆಗೆ ಅಮ್ಮಿಗೆ ಬಿಡುವು ಇರಲಿಲ್ಲ. ಮಧ್ಯಾಹ್ನ ಜೋಹರ್ ನಮಾಜು ಮುಗಿದು, ಎಲ್ಲರ ಊಟವಾದ ಮೇಲೆ, ನಾವು ಶಾಲೆಯಿಂದ ಬರುವ ಮೊದಲು ಸುಮಾರು ಒಂದು ತಾಸು ಸಿಗುತ್ತಿತ್ತು. ಆ ತಾಸನ್ನು ಅವರಿಗೆ ಯಾರೂ ಕೊಟ್ಟದ್ದಲ್ಲ, ಅವರೇ ಕಸಿದುಕೊಂಡದ್ದು. ಅದರಲ್ಲೂ ಒಮ್ಮೆ ಹಾಲಿನವನು, ಒಮ್ಮೆ ಅಳುವ ಮಗು, ಒಮ್ಮೆ ದಾದಿಯ ಗುಳಿಗೆ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಏಳುವುದು, ಮತ್ತೆ ಬಂದು ಅದೇ ಜಾಗದಿಂದ ಮುಂದುವರಿಸುವುದು. ಹೀಗೆಯೇ ಅವರು ಕೌದಿಗಳನ್ನು ಮುಗಿಸಿದರು.

ಕೌದಿ ಮಾಡುವ ಕ್ರಮವನ್ನು ಇಲ್ಲಿಯ ವಿದ್ಯಾರ್ಥಿಗಳಿಗಾಗಿ ಸ್ವಲ್ಪ ಹೇಳುತ್ತೇನೆ. ಮೊದಲು ಉಟ್ಟು ಮೆತ್ತಗಾದ ಹತ್ತಿ ಸೀರೆಗಳನ್ನು ಒಂದರ ಮೇಲೊಂದು ಹಾಸಬೇಕು. ಮೇಲೆ ತುಂಡು ಬಟ್ಟೆಗಳನ್ನು ಜೋಡಿಸಬೇಕು. ನಮ್ಮ ಚಿಕ್ಕಪ್ಪನ ಟೈಲರಿಂಗ್ ಅಂಗಡಿಯಿಂದ ಕತರನ್ ತುಂಬಿದ ಚೀಲ ಬರುತ್ತಿತ್ತು. ಅಬ್ಬಾನ ಲುಂಗಿ, ನಮ್ಮ ಹಳೆಯ ಯೂನಿಫಾರ್ಮು, ಈದಿನ ಫ್ರಾಕು ಎಲ್ಲವೂ ಅದರೊಳಗೆ ಸೇರುತ್ತಿದ್ದವು. ಆಮೇಲೆ ಅಂಚಿನಿಂದ ಆರಂಭಿಸಿ ಎಲ್ಲ ಪದರಗಳೂ ಹಿಡಿಯುವಂತೆ ಸಾಲು ಸಾಲಾಗಿ ಸಾದಾ ಹೊಲಿಗೆ ಹಾಕಬೇಕು. ಹೇಳುವುದಕ್ಕೆ ಇಷ್ಟೇ. ಆದರೆ ಯಾವ ಬಣ್ಣದ ಪಕ್ಕದಲ್ಲಿ ಯಾವ ಬಣ್ಣ, ಎಲ್ಲಿ ಚೌಕ, ಎಲ್ಲಿ ತ್ರಿಕೋನ ಎಂಬುದಕ್ಕೆ ಅಮ್ಮಿ ಎಷ್ಟೋ ದಿನ ಯೋಚಿಸುತ್ತಿದ್ದರು. ರೊಟ್ಟಿ ಬಡಿಯುತ್ತಲೇ "ಆ ಹಳದಿ ತುಂಡು ಮೂಲೆಗೆ ಬೇಡ, ನಡುವೆ ಬರಲಿ" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದುದನ್ನು ನಾನು ಕೇಳಿದ್ದೇನೆ. ಕೈ ಒಲೆಯ ಬಳಿ ಇದ್ದರೂ ಮನಸ್ಸು ಕೌದಿಯ ಮೇಲೆಯೇ ಇರುತ್ತಿತ್ತು.

ಇನ್ನು ನನ್ನ ತಪ್ಪಿನ ಮಾತು. ಬಿ.ಇಡಿ. ಮುಗಿದ ವರ್ಷ ನನ್ನನ್ನು ನೋಡಲು ಹುಡುಗನ ಕಡೆಯವರು ಬರುವವರಿದ್ದರು. ಹೊರಕೋಣೆಯ ಮಂಚದ ಮೇಲೆ ಅಮ್ಮಿಯ ಹೊಸ ಕೌದಿ ಹಾಸಿತ್ತು. ನಾನು ಅದನ್ನು ಎಳೆದು ಮಂಚದ ಕೆಳಗೆ ತುರುಕಿ, ಅಂಗಡಿಯಿಂದ ತಂದ ಹೂವಿನ ಚಾದರ ಹಾಸಿದೆ. "ಬಡವರ ಮನೆ ಎಂದು ತಿಳಿದಾರು" ಎಂದೆ. ಅಮ್ಮಿ ಏನೂ ಹೇಳಲಿಲ್ಲ. ಅತಿಥಿಗಳು ಹೋದ ಮೇಲೆ ಕೌದಿಯ ಧೂಳು ಕೊಡವಿ, ಮಡಚಿ ಪೆಟ್ಟಿಗೆಯಲ್ಲಿ ಇಟ್ಟರು. ಆಮೇಲೆ ಬಹಳ ತಿಂಗಳು ಅವರು ಸೂಜಿ ಹಿಡಿಯಲಿಲ್ಲ. ಮಧ್ಯಾಹ್ನದ ಆ ತಾಸಿನಲ್ಲಿ ಸುಮ್ಮನೆ ಗೋಡೆಗೆ ಒರಗಿ ಕುಳಿತಿರುತ್ತಿದ್ದರು. ನನಗೆ ಮಗಳು ಹುಟ್ಟಿದಾಗಲೇ ಅವರು ಮತ್ತೆ ಕತರನ್ ಚೀಲ ಬಿಚ್ಚಿದ್ದು.

ತರಗತಿಯ ಆ ಪ್ರಶ್ನೆಯ ಮರುದಿನ ನಾನು ತವರಿಗೆ ಹೋಗಿ, "ಅಮ್ಮಿ, ನಿಮ್ಮ ಕೌದಿ ಶಾಲೆಗೆ ಬೇಕು" ಎಂದೆ. ಅವರು ನನ್ನ ಮುಖವನ್ನೇ ನೋಡಿ, "ಶಾಲೆಗಾ? ಹಾಗಾದರೆ ಒಗೆದು ಕೊಡುತ್ತೇನೆ, ಇರು" ಎಂದರು.

ಅದನ್ನು ತರಗತಿಯಲ್ಲಿ ಹರಡಿದೆ. ಮಕ್ಕಳು ಅಳೆದರು. ಉದ್ದ 6 ಅಡಿ, ಅಗಲ 4 ಅಡಿ. ಸಾಲಿನಿಂದ ಸಾಲಿಗೆ ಅರ್ಧ ಇಂಚು, ಅಂದರೆ 96 ಸಾಲು. ಇಂಚಿಗೆ 3 ಹೊಲಿಗೆಯಂತೆ ಒಂದು ಸಾಲಿಗೆ 216. ಒಟ್ಟು ಗುಣಿಸಿದಾಗ 20,736 ಹೊಲಿಗೆ! ಒಬ್ಬ ಹುಡುಗ ನಂಬದೆ ಎರಡು ಸಲ ಲೆಕ್ಕ ಮಾಡಿದ. ಗಣಿತದ ಮಾಸ್ತರರು ಬಂದು ಅದರಲ್ಲಿಯೇ ಸಮಮಿತಿ ತೋರಿಸಿದರು. ಪ್ರಶ್ನೆ ಕೇಳಿದ ಹುಡುಗಿ ಮರುದಿನ ತನ್ನ ಅಮ್ಮಿಯ ಕೌದಿಯನ್ನೂ ಹೊತ್ತು ತಂದಳು.

ಆ ಲೆಕ್ಕ ಇನ್ನೊಂದು ಲೆಕ್ಕಕ್ಕೆ ದಾರಿ ಮಾಡಿತು. ಹಿಂದೊಮ್ಮೆ ಒಬ್ಬರು ಅಮ್ಮಿಯ ಕೌದಿಯನ್ನು 400 ರೂಪಾಯಿಗೆ ಕೇಳಿದ್ದರು. ದಿನಕ್ಕೊಂದು ತಾಸಿನಂತೆ ಅದಕ್ಕೆ ಎರಡೂವರೆ ತಿಂಗಳು, ಅಂದರೆ 75 ತಾಸು ಹಿಡಿದಿತ್ತು. ತಾಸಿಗೆ ಐದು ರೂಪಾಯಿ ಚಿಲ್ಲರೆ! ಇದನ್ನು ಹೇಳಿದಾಗ ಅಮ್ಮಿ ನಕ್ಕು, "ದುಡ್ಡಿಗಾಗಿ ಹೊಲಿದಿದ್ದರೆ ಎಂದೋ ಬಿಡುತ್ತಿದ್ದೆ. ಆ ಒಂದು ತಾಸು ನಾನು ಯಾರ ಸೊಸೆಯೂ ಅಲ್ಲ, ಯಾರ ತಾಯಿಯೂ ಅಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆದರೂ ನಾನೂರು ಕಡಿಮೆಯೇ ಆಯಿತು" ಎಂದೂ ಹೇಳಿದರು. ಎರಡು ಮಾತೂ ನಿಜ.

ಬಂಧುಗಳೆ, ಮನೆಯ ಮೂಲೆಯಲ್ಲಿ ಹೊಲಿದ ಕೌದಿಗೆ ಹೊರಗಿನ ಜಗತ್ತು ಗೌರವ ಕೊಟ್ಟ ಉದಾಹರಣೆಗಳೂ ಇವೆ. ನಮ್ಮದೇ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದಲ್ಲಿ ಆಫ್ರಿಕಾ ಮೂಲದ ಸಿದ್ದಿ ಜನರಿದ್ದಾರೆ. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಸಿದ್ದಿ ಮಹಿಳೆಯರು ತಮ್ಮ ಕೌದಿಯನ್ನು ಕವಂದಿ ಎನ್ನುತ್ತಾರೆ. ಅಂಚಿನಿಂದ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ 'ಫೂಲ' ಎಂಬ ಹೂವು ಕೂಡಿಸುತ್ತಾರೆ. ಈ ಕವಂದಿಗಳ ಪ್ರದರ್ಶನ 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ನಡೆಯಿತು.

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಜೀಸ್ ಬೆಂಡ್ ಎಂಬ ಹಳ್ಳಿಯಿದೆ. ಅಲ್ಲಿನ ಕಪ್ಪು ಜನಾಂಗದ ಬಡ ಮಹಿಳೆಯರು ಹೊಲದ ಕೆಲಸಕ್ಕೆ ಉಟ್ಟು ಸವೆದ ಬಟ್ಟೆಗಳಿಂದ, ಮನೆಯವರನ್ನು ಚಳಿಯಿಂದ ಕಾಪಾಡಲು ಕೌದಿ ಹೊಲಿಯುತ್ತಿದ್ದರು. 2002ರಲ್ಲಿ ಹ್ಯೂಸ್ಟನ್ ನಗರದ ಕಲಾ ವಸ್ತುಸಂಗ್ರಹಾಲಯ ಅವನ್ನು ಗೋಡೆಗೆ ತೂಗುಹಾಕಿ, ಹೊಲಿದವರ ಹೆಸರು ಹೇಳಿ ಪ್ರದರ್ಶಿಸಿತು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಆ ಕೌದಿಗಳ ಚಿತ್ರವಿರುವ 10 ಅಂಚೆಚೀಟಿಗಳನ್ನು ಹೊರತಂದಿತು. ಆ ತಾಯಂದಿರು ವಸ್ತುಸಂಗ್ರಹಾಲಯಕ್ಕಾಗಿ ಹೊಲಿದವರಲ್ಲ. ನಮ್ಮ ಅಮ್ಮಂದಿರಂತೆ ಮಕ್ಕಳಿಗಾಗಿ ಹೊಲಿದವರು. ಆದರೆ ಯಾರೋ ನಿಂತು ನೋಡಿದರು, ಹೆಸರು ಕೇಳಿದರು.

ನಾನೂ 2020ರಲ್ಲಿ ಶಾಲೆಗಳು ಮುಚ್ಚಿದಾಗ ಸೂಜಿ ಹಿಡಿದೆ. ಮೊದಲ ಕೌದಿಯಲ್ಲಿಯೇ ಪೆಟ್ಟು ತಿಂದೆ. ಹೊಸ ಕೆಂಪು ಬಟ್ಟೆಯನ್ನು ಒಗೆಯದೆ ಹಚ್ಚಿದ್ದರಿಂದ ಮೊದಲ ಒಗೆತಕ್ಕೇ ಬಣ್ಣ ಬಿಟ್ಟು ಬಿಳಿಯ ತುಂಡುಗಳೆಲ್ಲ ಕೆಟ್ಟವು. ಅಮ್ಮಿ ಬೈಯಲಿಲ್ಲ. "ಕೆಟ್ಟ ಕಡೆ ಹಸಿರು ತುಂಡು ಹಚ್ಚು, ಬಿಚ್ಚಬೇಡ" ಎಂದರು. ಈಗ ಶಾಲೆ, ಇಬ್ಬರು ಮಕ್ಕಳು, ತಿದ್ದಬೇಕಾದ ನೋಟ್‌ಬುಕ್ಕುಗಳ ನಡುವೆ ನನಗೆ ದಿನಕ್ಕೆ ಇಪ್ಪತ್ತು ನಿಮಿಷ ಸಿಕ್ಕರೆ ಹೆಚ್ಚು. ವರ್ಷಕ್ಕೊಂದು ಕೌದಿಯೂ ಮುಗಿಯುವುದಿಲ್ಲ. ಅಮ್ಮಿಯ ಕಣ್ಣು ಈಗ ಮಂಜಾಗಿದೆ. ಸೂಜಿಗೆ ದಾರ ಪೋಣಿಸಿ ಕೊಡುವವಳು ನನ್ನ ಮಗಳು. ಒಮ್ಮೆಗೆ ಹತ್ತು ಸೂಜಿ ಪೋಣಿಸಿಟ್ಟು ಅವಳು ಶಾಲೆಗೆ ಹೋಗುತ್ತಾಳೆ.

ಕೊನೆಯದಾಗಿ ನಿಮ್ಮಲ್ಲಿ ಕೆಲವು ವಿನಂತಿ. ವಿದ್ಯಾರ್ಥಿನಿಯರೆ, ಓದನ್ನು ಬಿಟ್ಟು ಹೊಲಿಯಿರಿ ಎಂದು ನಾನು ಖಂಡಿತ ಹೇಳುವುದಿಲ್ಲ. ಚೆನ್ನಾಗಿ ಓದಿ. ಆದರೆ ಓದಿದ್ದೇವೆಂದು ತಾಯಿಯ ಹುನರನ್ನು ಮಂಚದ ಕೆಳಗೆ ತುರುಕಬೇಡಿ. ನಾನು ಮಾಡಿದ್ದನ್ನು ನೀವು ಮಾಡಬೇಡಿ. ಸಹೋದರರೆ, ನಿಮ್ಮ ಮನೆಯಲ್ಲಿ ಹೊಲಿಯುವ, ಬರೆಯುವ, ಕಸೂತಿ ಹಾಕುವ ಹೆಣ್ಣುಮಗಳಿದ್ದರೆ ದಿನಕ್ಕೊಂದು ತಾಸು ಮಗುವನ್ನು ನೀವು ಎತ್ತಿಕೊಳ್ಳಿ, ಚಹಾ ನೀವೇ ಮಾಡಿಕೊಳ್ಳಿ. ಆ ತಾಸನ್ನು ಅವಳು ಕಸಿದುಕೊಳ್ಳುವಂತಾಗಬಾರದು. ಸಂಘದ ಹಿರಿಯರೆ, ಬರುವ ವರ್ಷದ ಸಭೆಯಲ್ಲಿ ಇದೇ ಸಭಾಂಗಣದ ಗೋಡೆಗೆ ನಮ್ಮ ತಾಯಂದಿರ ಕೌದಿಗಳನ್ನು ತೂಗುಹಾಕೋಣ. ಪ್ರತಿಯೊಂದರ ಕೆಳಗೆ ಹೊಲಿದವರ ಹೆಸರು ಬರೆಯೋಣ. ಇಂಥವರ ಪತ್ನಿ, ಇಂಥವರ ತಾಯಿ ಎಂದು ಬೇಡ, ಅವರದೇ ಹೆಸರು ಇರಲಿ.

ಆ ಗೋಡೆಗೆ ಮೊದಲ ಕೌದಿ ನಾನೇ ತರುತ್ತೇನೆ. ಅಂದು ಮಂಚದ ಕೆಳಗೆ ತುರುಕಿದ್ದನ್ನೇ ತರುತ್ತೇನೆ. ಅಮ್ಮಿಯ ಒಪ್ಪಿಗೆ ಕೇಳಿದ್ದೇನೆ. ಒಗೆದು ಕೊಡುತ್ತೇನೆ ಎಂದಿದ್ದಾರೆ.