ಕಲ್ಲು ಹೇಳಿದ ಮಾತು

(ಮುಂದುವರಿಕೆ ಕಲಿಕಾ ಕೇಂದ್ರದಲ್ಲಿ ಮಾಡಿದ ಭಾಷಣ)



ಜಪಾನಿಗೆ ಹೋಗಿ ಬಂದದ್ದನ್ನು ಹೇಳಿ ಅಂತ ಪ್ರೇರಕಿಯವರು ಕೇಳಿದ್ದಾರೆ. ಜಪಾನ್ ಅಂದ ಕೂಡಲೇ ದೊಡ್ಡ ಕಟ್ಟಡ, ವೇಗದ ರೈಲು ನಿಮ್ಮ ಕಣ್ಣಿಗೆ ಬರಬಹುದು. ಅದೆಲ್ಲ ಉಂಟು. ಆದರೆ ನಾನು ಇವತ್ತು ಹೇಳುವುದು ಮೀನುಗಾರರ ಒಂದು ಸಣ್ಣ ಊರಿನ ವಿಷಯ. ನಮ್ಮ ಮಂಜೇಶ್ವರ, ಕುಂಬಳೆ, ಉಪ್ಪಳದ ಕಡಲ ಕರೆಯವರಿಗೆ ಅದು ಬೇಗ ಅರ್ಥ ಆಗ್ತದೆ.

ಆ ಊರಿನ ಹೆಸರು ತಾರೋ. ಜಪಾನಿನ ಈಶಾನ್ಯ ಕರಾವಳಿಯಲ್ಲಿ ಇವಾತೆ ಎಂಬ ಪ್ರಾಂತ್ಯ ಇದೆ. ಅಲ್ಲಿ ಮಿಯಾಕೊ ಎಂಬ ಪೇಟೆ. ತಾರೋ ಮೊದಲು ಬೇರೆಯೇ ಊರಾಗಿತ್ತು. 2005ರಲ್ಲಿ ಮಿಯಾಕೊ ನಗರಸಭೆಗೆ ಸೇರಿತು. ಟೋಕಿಯೋದಿಂದ ಮೊರಿಯೊಕಾಕ್ಕೆ ವೇಗದ ರೈಲಿನಲ್ಲಿ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು. ಅಲ್ಲಿಂದ ಬೆಟ್ಟ ದಾಟಿ ಮಿಯಾಕೊ ತಲುಪಲು ಮತ್ತೆ ಎರಡು ಗಂಟೆ. ಮುಂದೆ ಕಡಲ ಬದಿಯಲ್ಲಿ ಹೋಗುವ ಸಣ್ಣ ರೈಲು. ಸುರಂಗ ಬರ್ತದೆ, ಕಡಲು ಕಾಣ್ತದೆ, ಮತ್ತೆ ಸುರಂಗ ಬರ್ತದೆ.

ಆ ಕರಾವಳಿಗೆ ಸನ್‌ರಿಕು ಎಂದು ಹೆಸರು. ನಮ್ಮ ಕಡೆಯ ಹಾಗೆ ಉದ್ದದ ಮರಳಿನ ದಂಡೆ ಅಲ್ಲಿ ಕಡಿಮೆ. ಬೆಟ್ಟ ನೇರ ಕಡಲಿಗೆ ಇಳಿಯುತ್ತದೆ. ಕೈಬೆರಳುಗಳ ಸಂದಿನ ಹಾಗೆ ಕಡಲು ಒಳಗೆ ನುಗ್ಗಿರುತ್ತದೆ. ಒಂದೊಂದು ಸಂದಿಯಲ್ಲೂ ಒಂದೊಂದು ಸಣ್ಣ ಬಂದರು, ನಾಲ್ಕಾರು ದೋಣಿ. ದಕ್ಷಿಣದಿಂದ ಬರುವ ಬಿಸಿನೀರಿನ ಪ್ರವಾಹ, ಉತ್ತರದಿಂದ ಬರುವ ತಣ್ಣೀರಿನ ಪ್ರವಾಹ ಆ ಕಡಲಿನಲ್ಲಿ ಸೇರುತ್ತವೆ. ಹಾಗಾಗಿ ಅಲ್ಲಿ ಮೀನು ಸಮೃದ್ಧಿ.

ಅಲ್ಲಿಯವರ ಊಟ ನಮಗೆ ಪರಕೀಯ ಅನ್ನಿಸುವುದಿಲ್ಲ. ಬೆಳಿಗ್ಗೆಯೇ ಅನ್ನ, ಸುಟ್ಟ ಮೀನು, ಒಂದು ಬಟ್ಟಲು ಬಿಸಿ ಸಾರು. ಸಾರಿನಲ್ಲಿ ಹಸಿರು ಎಲೆಯ ಹಾಗೆ ತೇಲುವುದು ಕಡಲಿನ ಪಾಚಿ. ಅದರ ಹೆಸರು ವಾಕಾಮೆ. ನಾವು ಗದ್ದೆಯಲ್ಲಿ ಬೆಳೆ ತೆಗೆದ ಹಾಗೆ ಅವರು ಕಡಲಿನಲ್ಲಿ ಹಗ್ಗ ಕಟ್ಟಿ ಅದನ್ನು ಬೆಳೆಸುತ್ತಾರೆ. ಮಸಾಲೆ, ಹುಳಿ, ಮೆಣಸು ಇಲ್ಲ, ಅಷ್ಟೇ ವ್ಯತ್ಯಾಸ. ಬಂಗುಡೆ ಪುಳಿಮುಂಚಿ ತಿಂದ ನಾಲಿಗೆಗೆ ಮೊದಲ ದಿನ ಸಪ್ಪೆ. ಎರಡನೇ ದಿನ ಮೀನಿನ ರುಚಿಯೇ ಬೇರೆ ಅಂತ ಗೊತ್ತಾಗ್ತದೆ.

ಇಷ್ಟು ಚಂದದ ಊರು. ಆದರೆ ಕಡಲು ಅಲ್ಲಿ ಅನ್ನ ಕೊಟ್ಟ ಹಾಗೆಯೇ ಜೀವವನ್ನೂ ತೆಗೆದಿದೆ.

ಸುನಾಮಿ ಎಂಬ ಪದ ನಾವೆಲ್ಲ ಕಲಿತದ್ದು 2004ರ ಡಿಸೆಂಬರ್ 26ರಂದು. ಆ ದಿನ ನಮ್ಮ ಕೇರಳದ ಕೊಲ್ಲಂ ಕಡೆಯಲ್ಲೂ ತುಂಬ ಜನ ಸತ್ತರು. ಈ ಪದ ಜಪಾನಿನದ್ದು. ತ್ಸು ಅಂದರೆ ಬಂದರು. ನಾಮಿ ಅಂದರೆ ಅಲೆ. ಕಡಲಿನ ತಳದ ನೆಲ ಅಲುಗಿದಾಗ ಮೇಲಿನ ನೀರೆಲ್ಲ ಅಲುಗುತ್ತದೆ. ನಡುಗಡಲಿನಲ್ಲಿ ದೋಣಿಯವನಿಗೆ ಅದು ಗೊತ್ತೇ ಆಗದು. ದಡಕ್ಕೆ ಬರುವಾಗ ಆಳ ಕಡಿಮೆ, ಜಾಗ ಇಕ್ಕಟ್ಟು. ಆಗ ನೀರು ಗೋಡೆಯ ಹಾಗೆ ಏಳುತ್ತದೆ. ಬೆರಳಿನ ಸಂದಿಯಂಥ ಬಂದರುಗಳಲ್ಲಿ ಇನ್ನೂ ಎತ್ತರ.

1896ರ ಜೂನ್ 15. ಊರಲ್ಲಿ ಹಬ್ಬ. ಸಂಜೆ ನೆಲ ಸ್ವಲ್ಪ ಅಲುಗಿತು. ಜೋರಿಲ್ಲ ಅಂತ ಯಾರೂ ಓಡಲಿಲ್ಲ. ಅರ್ಧ ಗಂಟೆ ಕಳೆದು ಕಡಲು ಬಂತು. ಆ ಕರಾವಳಿಯಲ್ಲಿ ಸುಮಾರು 22,000 ಜನ ಸತ್ತರು. ತಾರೋ ಒಂದರಲ್ಲೇ 1,800ಕ್ಕಿಂತ ಹೆಚ್ಚು. 1933ರ ಮಾರ್ಚ್ 3ರಂದು ಮತ್ತೊಮ್ಮೆ ಬಂತು. ಆಗ ತಾರೋದಲ್ಲಿ 900ಕ್ಕಿಂತ ಹೆಚ್ಚು ಜನ ಹೋದರು.

ಉಳಿದವರು ಏನು ಮಾಡಿದರು? ಊರು ಬಿಡಲಿಲ್ಲ. ಬಿಟ್ಟು ಹೋಗುವುದೆಲ್ಲಿಗೆ? ದೋಣಿ ಕಡಲಲ್ಲಿ, ಬಲೆ ಕಡಲಲ್ಲಿ. 1934ರಲ್ಲಿ ಗೋಡೆ ಕಟ್ಟಲು ಶುರು ಮಾಡಿದರು. ನಡುವೆ ಯುದ್ಧ ಬಂತು, ಕೆಲಸ ನಿಂತಿತು. ಮತ್ತೆ ಕಟ್ಟಿದರು. ಮೊದಲ ಗೋಡೆ ಮುಗಿದದ್ದು 1958ರಲ್ಲಿ. ಆಮೇಲೆ ಇನ್ನಷ್ಟು ಸೇರಿಸಿದರು. ಒಟ್ಟು ಸುಮಾರು ಎರಡೂವರೆ ಕಿಲೋಮೀಟರ್ ಉದ್ದ. ಕಡಲ ಮಟ್ಟದಿಂದ 10 ಮೀಟರ್ ಎತ್ತರ. ಅಂದರೆ ಒಂದು ತೆಂಗಿನ ಮರದಷ್ಟು. ಜನ ಅದನ್ನು ಚೀನಾದ ಮಹಾಗೋಡೆಗೆ ಹೋಲಿಸುತ್ತಿದ್ದರು. ಬೀದಿಗಳನ್ನೂ ಬೆಟ್ಟದ ಕಡೆಗೆ ಓಡಲು ಸುಲಭ ಆಗುವ ಹಾಗೆ ಮಾಡಿದರು. ಬೀದಿ ಮೂಲೆಗಳನ್ನು ಓರೆಯಾಗಿ ಕತ್ತರಿಸಿದರು. ಓಡುವವನಿಗೆ ಎದುರು ಬರುವವ ಕಾಣಬೇಕಲ್ಲ!

2011ರ ಮಾರ್ಚ್ 11, ಮಧ್ಯಾಹ್ನ 2 ಗಂಟೆ 46 ನಿಮಿಷ. ದೊಡ್ಡ ಭೂಕಂಪ. ಆಮೇಲೆ ಬಂದ ಅಲೆ ಆ ಗೋಡೆಯನ್ನೂ ದಾಟಿತು. ಗೋಡೆಯ ಒಂದು ಭಾಗವನ್ನು ಒಡೆದೇ ಹಾಕಿತು. ತಾರೋದಲ್ಲಿ ಸುಮಾರು 180 ಜನ ಹೋದರು. ಇಷ್ಟು ದೊಡ್ಡ ಗೋಡೆ ಉಂಟಲ್ಲ ಅಂತ ನಂಬಿ ನಿಂತವರೂ ಅವರಲ್ಲಿ ಇದ್ದರು.

ಅಲ್ಲಿ ಆರು ಅಂತಸ್ತಿನ ಒಂದು ಹೋಟೆಲು ಇದೆ. ಕೆಳಗಿನ ಎರಡು ಅಂತಸ್ತಿನಲ್ಲಿ ಗೋಡೆಯೇ ಇಲ್ಲ, ಬರೀ ಕಬ್ಬಿಣದ ಕಂಬಗಳು. ಮೇಲಿನ ಅಂತಸ್ತುಗಳು ಹಾಗೆಯೇ ನಿಂತಿವೆ. ನಗರಸಭೆ ಅದನ್ನು ಕೆಡವದೆ ಉಳಿಸಿಕೊಂಡಿದೆ. ಬಂದವರನ್ನು ಊರಿನ ಮಾರ್ಗದರ್ಶಿಗಳು ಮೊದಲು ಗೋಡೆಯ ಮೇಲೆ, ಆಮೇಲೆ ಹೋಟೆಲಿನ ಮೇಲಂತಸ್ತಿಗೆ ಕರೆದುಕೊಂಡು ಹೋಗುತ್ತಾರೆ. ಹೋಟೆಲಿನ ಮಾಲಕರು ಆ ದಿನ ಅದೇ ಕಿಟಕಿಯಿಂದ ತೆಗೆದ ವಿಡಿಯೋ ತೋರಿಸುತ್ತಾರೆ. ಅದು ಮುಗಿದ ಮೇಲೆ ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ.

ಈಗ ಕಡಲ ಬದಿಗೆ 14.7 ಮೀಟರ್ ಎತ್ತರದ ಹೊಸ ಗೋಡೆ ಬಂದಿದೆ. ತುಂಬ ಮನೆಗಳು ಗುಡ್ಡದ ಮೇಲೆ ಹೋಗಿವೆ. ಬಂದರು ಮಾತ್ರ ಕೆಳಗೇ ಇದೆ.

ಹಾಗಾದರೆ ಗೋಡೆ ವ್ಯರ್ಥವಾ? ಹಾಗೂ ಹೇಳುವಂತಿಲ್ಲ. ತಾರೋದಿಂದ ಉತ್ತರಕ್ಕೆ ಫುದಾಯ್ ಎಂಬ ಹಳ್ಳಿ ಉಂಟು. ವಾಮುರಾ ಕೊತೊಕು ಎಂಬವರು ಅಲ್ಲಿ 1947ರಿಂದ 40 ವರ್ಷ ಅಧ್ಯಕ್ಷರಾಗಿದ್ದರು. 1933ರ ಹೆಣಗಳನ್ನು ಅವರು ಕಣ್ಣಾರೆ ಕಂಡಿದ್ದರು. ಗೋಡೆಯೂ ಹೊಳೆಯ ಬಾಗಿಲೂ 15 ಮೀಟರಿಗಿಂತ ಎತ್ತರ ಇರಲೇಬೇಕು ಅಂತ ಹಟ ಹಿಡಿದರು. ದುಡ್ಡು ದಂಡ ಅಂತ ಜನ ಬೈದರು. ಅವರು ಬಗ್ಗಲಿಲ್ಲ. 1984ರಲ್ಲಿ ಬಾಗಿಲು ಮುಗಿಯಿತು. 1997ರಲ್ಲಿ ಅವರು ತೀರಿಕೊಂಡರು. 2011ರಲ್ಲಿ ಬಾಗಿಲಿನ ಹಿಂದಿದ್ದ ಮನೆಗಳೆಲ್ಲ ಉಳಿದವು. ದೋಣಿ ನೋಡಲು ಬಂದರಿಗೆ ಹೋದ ಒಬ್ಬರು ಮಾತ್ರ ಕಾಣೆಯಾದರು. ಆಮೇಲೆ ಊರವರು ವಾಮುರಾ ಅವರ ಸಮಾಧಿಗೆ ಹೋಗಿ ಕೈಮುಗಿದರು.

ಇನ್ನು ಒಂದು ಕಲ್ಲಿನ ಕಥೆ. ಮಿಯಾಕೊದ ದಕ್ಷಿಣಕ್ಕೆ, ಗುಡ್ಡದ ನಡುವೆ ಅನೆಯೋಶಿ ಎಂಬ ಪುಟ್ಟ ಊರು. ಹತ್ತು ಹನ್ನೆರಡು ಮನೆ. ಅಲ್ಲಿಗೆ ಹೋಗುವ ದಾರಿಯ ಬದಿಯಲ್ಲಿ ಒಂದು ಕಲ್ಲು ನಿಲ್ಲಿಸಿದ್ದಾರೆ. ಆಳೆತ್ತರವೂ ಇಲ್ಲ, ಪಾಚಿ ಹಿಡಿದಿದೆ. 1933ರ ಸುನಾಮಿಯ ನಂತರ ನಿಲ್ಲಿಸಿದ್ದು. ಅದರಲ್ಲಿ ಕೆತ್ತಿದ ಮಾತಿನ ಸಾರ ಇಷ್ಟು. ಎತ್ತರದ ಮನೆಯಲ್ಲಿ ಮಕ್ಕಳು ಮೊಮ್ಮಕ್ಕಳಿಗೆ ಸುಖ. ದೊಡ್ಡ ಸುನಾಮಿಯನ್ನು ಮರೆಯಬೇಡಿ. ಈ ಕಲ್ಲಿನಿಂದ ಕೆಳಗೆ ಮನೆ ಕಟ್ಟಬೇಡಿ. ಎರಡು ಸಲವೂ ಊರು ನಾಶವಾಯಿತು. ಒಮ್ಮೆ ಇಬ್ಬರು ಉಳಿದರು, ಇನ್ನೊಮ್ಮೆ ನಾಲ್ವರು. ಎಷ್ಟು ವರ್ಷ ಕಳೆದರೂ ಎಚ್ಚರ ಇರಲಿ.

ನೋಡಿ, 1896ರಲ್ಲಿ ಉಳಿದವರು ಮತ್ತೆ ಕೆಳಗೇ ಮನೆ ಕಟ್ಟಿದ್ದರು. ಆಗ ಕಲ್ಲು ಇರಲಿಲ್ಲ. 1933ರ ನಂತರ ಕಲ್ಲು ಬಂತು. ಊರವರು ಅದರ ಮಾತನ್ನು ಮೀರಲಿಲ್ಲ. ದೋಣಿ ಕೆಳಗೆ, ಮನೆ ಮೇಲೆ. ದಿನಾ ಬಲೆ ಹೊತ್ತು ಗುಡ್ಡ ಹತ್ತಿ ಇಳಿಯುವುದು ಎಷ್ಟು ಕಷ್ಟ ಅಂತ ನಿಮಗೆ ಹೇಳಬೇಕಾ? ಆ ಕಷ್ಟವನ್ನು ಎಪ್ಪತ್ತೆಂಟು ವರ್ಷ ಸಹಿಸಿದರು. 2011ರಲ್ಲಿ ಅಲ್ಲಿ ಕಡಲ ನೀರು ಸುಮಾರು 40 ಮೀಟರ್ ಎತ್ತರದವರೆಗೆ ಹತ್ತಿತು. ಕಲ್ಲು ಇದ್ದದ್ದು ಸುಮಾರು 60 ಮೀಟರಿನಲ್ಲಿ. ನೀರು ಕಲ್ಲನ್ನು ಮುಟ್ಟಲಿಲ್ಲ. ಕಲ್ಲಿನ ಮೇಲಿನ ಮನೆಗಳು ಒಂದೂ ಹೋಗಲಿಲ್ಲ.

ಆ ಕರಾವಳಿಯಲ್ಲಿ ಇಂಥ ಕಲ್ಲುಗಳು ನೂರಾರು ಇವೆ. ಎಷ್ಟೋ ಊರಿನವರು ಅವನ್ನು ಮರೆತು ಕೆಳಗೆ ಮನೆ ಕಟ್ಟಿದ್ದರು. ಹಾಗಾಗಿ ಕೆತ್ತಿದರೆ ಸಾಲದು. ಓದಬೇಕು. ಓದಿದ್ದನ್ನು ನಡೆಸಬೇಕು.

ನಮ್ಮ ಕಡೆಯಲ್ಲೂ ವೀರಗಲ್ಲು, ಶಾಸನ ಇವೆ. ಅವು ಸತ್ತವರ ಕಥೆ ಹೇಳುತ್ತವೆ. ಅನೆಯೋಶಿಯ ಕಲ್ಲು ಇನ್ನೂ ಹುಟ್ಟದ ಮಕ್ಕಳಿಗೆ ಬರೆದ ಕಾಗದ.

ಈ ಪ್ರಾಯದಲ್ಲಿ ಅಕ್ಷರ ಕಲಿತು ಏನಾಗಬೇಕು ಅಂತ ನಿಮ್ಮಲ್ಲಿ ಕೆಲವರನ್ನು ಮನೆಯವರೇ ಕೇಳಿರಬಹುದು. ಬಸ್ಸಿನ ಬೋರ್ಡು ಓದಲಿಕ್ಕೆ, ರೇಷನ್ ಕಾರ್ಡು ನೋಡಲಿಕ್ಕೆ ಅಂತ ನೀವು ಹೇಳಿರಬಹುದು. ಅದು ಸರಿ. ಇನ್ನೊಂದು ಉತ್ತರವೂ ಉಂಟು. ಮಳೆಗಾಲದಲ್ಲಿ ‘ಕಡಲಿಗೆ ಇಳಿಯಬೇಡಿ’ ಎಂಬ ಸೂಚನೆ ಬರ್ತದೆ. ಕಡಲ್ಕೊರೆತದ ಜಾಗದಲ್ಲಿ ಎಚ್ಚರಿಕೆಯ ಬೋರ್ಡು ಹಾಕ್ತಾರೆ. ಅದನ್ನು ಓದಿ ನೆರೆಮನೆಯವರಿಗೂ ಹೇಳುವವರು ನೀವೇ. ಆ ಬೋರ್ಡು ಮಲೆಯಾಳದಲ್ಲಿ ಮಾತ್ರ ಇದ್ದರೆ, ಕನ್ನಡದಲ್ಲೂ ಹಾಕಿ ಅಂತ ಪಂಚಾಯತಿಗೆ ಅರ್ಜಿ ಬರೆಯಿರಿ. ಈಗ ನಿಮಗೆ ಬರೆಯಲು ಬರ್ತದಲ್ಲ!

ಕಡಲು ಎಲ್ಲಿಯವರೆಗೆ ಬಂದಿತ್ತು ಅಂತ ಊರಿನ ಅಜ್ಜ-ಅಜ್ಜಿಯರಿಗೆ ನೆನಪಿದೆ. ಕೇಳಿ ಬರೆದಿಡಿ. ಒಂದು ನೋಟು ಪುಸ್ತಕ ಸಾಕು.

 

ಹೊಸ ಪದಗಳು
ಪ್ರಾಂತ್ಯ – ಜಿಲ್ಲೆಗಿಂತ ದೊಡ್ಡ ಆಡಳಿತ ಪ್ರದೇಶ
ಪ್ರವಾಹ – ಹರಿಯುವ ನೀರು
ಶಾಸನ – ಕಲ್ಲಿನಲ್ಲಿ ಕೆತ್ತಿದ ಬರಹ
ಕಡಲ್ಕೊರೆತ – ಕಡಲು ದಡವನ್ನು ಕೊರೆದು ತಿನ್ನುವುದು

ಮಾತಾಡೋಣ
1. ತಾರೋದ ಗೋಡೆ, ಅನೆಯೋಶಿಯ ಕಲ್ಲು – ಇವುಗಳಿಂದ ನಾವು ಕಲಿಯುವುದೇನು?
2. ನಿಮ್ಮ ಊರಿನಲ್ಲಿ ಒಂದು ಕಲ್ಲು ನಿಲ್ಲಿಸಿದರೆ ಅದರಲ್ಲಿ ಏನು ಬರೆಯುತ್ತೀರಿ? ಎರಡು ಸಾಲು ಬರೆಯಿರಿ.