ನಲ್ಲಿ ನೀರು, ಮನೆ ಗೋಡೆ ಮತ್ತು ವಿಮೆ
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಬೆಳೆವಿಮೆ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಮಾತಾಗಿದೆ. ನಾವು ಇಂದು ಮನೆ ವಿಮೆ ಬಗ್ಗೆ, ಅದರಲ್ಲೂ ನಲ್ಲಿ ಪೈಪಿನ ನೀರಿನಿಂದ ಮನೆಗೆ ಆಗುವ ನಷ್ಟದ ಬಗ್ಗೆ ಮಾತಾಡಬೇಕೆಂದಿದ್ದೇವೆ. ಇದು ರಾಯಚೂರು ಪಟ್ಟಣದವರ ಸಂಗತಿ, ನಮಗ್ಯಾಕ ಅಂತೀರೇನೋ. 2019ರಲ್ಲಿ ಜಲಜೀವನ ಮಿಷನ್ ಶುರುವಾದ ಮೇಲೆ ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲೂ ಮನೆಬಾಗಿಲಿಗೆ ಪೈಪು ಬಂತು. ಮಾಳಿಗೆ ಮೇಲೆ ಟಾಕಿ ಕೂತಿತು. ಗೋಡೆ ಮಾತ್ರ ಎಷ್ಟೋ ಜನರದು ಹಳೇದೇ.

ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಬಿರಿಯುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ಅದರೊಳಗಿನ ಪೈಪಿನ ಜಾಯಿಂಟು ಅಲುಗದೇ ಇರುತ್ತದೆಯೇ? ಮಾಳಿಗೆ ಮೇಲಿನ ಪ್ಲಾಸ್ಟಿಕ್ ಪೈಪಂತೂ ನಮ್ಮ ಬಿಸಿಲಿಗೆ ನಾಲ್ಕಾರು ವರ್ಷದಲ್ಲಿ ಪೆಡಸಾಗಿ ಪಟ್ ಅಂತ ಒಡೆಯುತ್ತದೆ.

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರವು 'ಭಾರತ್ ಗೃಹ ರಕ್ಷಾ' ಎಂಬ ಒಂದೇ ನಮೂನೆಯ ಮನೆ ವಿಮೆಯನ್ನು ಜಾರಿಗೆ ತಂದಿದೆ. ಬೆಂಕಿ, ಸಿಡಿಲು, ಭೂಕಂಪ, ನೆರೆ ಇವುಗಳ ಜೊತೆಗೆ ನೀರಿನ ಟಾಕಿ, ಪೈಪು ಒಡೆದು ಅಥವಾ ತುಂಬಿ ಹರಿದು ಆದ ನಷ್ಟವೂ ಅದರಲ್ಲಿ ಸೇರಿದೆ. ಆದರೆ ಸವಕಳಿಯಿಂದ, ದಿನದಿನಕ್ಕೂ ಹಾಳಾಗುತ್ತ ಬಂದದ್ದಕ್ಕೆ ಹಣವಿಲ್ಲ. ತಕರಾರು ಹುಟ್ಟುವುದೇ ಇಲ್ಲಿ.

ನಮ್ಮ ಪರಿಚಯದ ಒಬ್ಬರ ಬಚ್ಚಲ ಗೋಡೆಗೆ ಆರು ತಿಂಗಳು ಹಸಿ ಏರಿತ್ತು. "ಬರ್ಲಿ ಬಿಡ್ರಿ, ಸುಗ್ಗಿ ಆದಮ್ಯಾಲ ನೋಡಮು" ಅಂದರು. ಗೋಡೆ ಬಿತ್ತು. ವಿಮೆ ಇತ್ತು, ಹಣ ಬರಲಿಲ್ಲ. ಕಂಪನಿಯವರು ಮೋಸ ಮಾಡಿದರೆಂದು ನಾವೂ ಅವರ ಜೊತೆ ಕೂಗಾಡಿದೆವು. ಆಮೇಲೆ ಪಾಲಿಸಿ ಓದಿದರೆ ಅದರಲ್ಲಿ ಮೊದಲೇ ಬರೆದಿತ್ತು. ಮೊದಲು ಓದದ್ದು ನಮ್ಮ ತಪ್ಪೇ. ಎರಡು ರೂಪಾಯಿ ವಾಶರ್ ಹಾಕಿಸಿದ್ದರೆ ಗೋಡೆ ಇರುತ್ತಿತ್ತು ಎಂದು ಅವರ ಮನೆಯವರು ಇಂದಿಗೂ ಅನ್ನುತ್ತಾರೆ.

ಅದೇ ರಾತ್ರಿಯೊಳಗೆ ಟಾಕಿ ಒಡೆದು ಮನೆ ತುಂಬಾ ನೀರಾಯಿತು ಅನ್ನಿ, ಅದು ಕೇಳಬಹುದಾದ ನಷ್ಟ. ಮೊದಲು ವಾಲ್ವ್ ಬಂದ್ ಮಾಡಿ. ಕಸ ಬಳಿಯುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಒಡೆದ ಪೈಪಿನ ತುಂಡು ಎಸೆಯಬೇಡಿ. ಅವತ್ತೇ ಕಂಪನಿಗೆ ತಿಳಿಸಿ, ಸರ್ವೇಯರ್ ಬಂದು ನೋಡಲಿ. ಕಂಪನಿ ಒಂದು ತಿಂಗಳಲ್ಲಿ ಉತ್ತರ ಕೊಡದಿದ್ದರೆ, ಅಥವಾ ಅದರ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಲೋಕಪಾಲರಿಗೆ ದೂರು ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ.

ವಿಮೆ ಮೊತ್ತ ಬರೆಸುವಾಗ ಜಾಗದ ಬೆಲೆ ಸೇರಿಸಬೇಡಿ. ಮನೆ ಮತ್ತೆ ಕಟ್ಟಲು ತಗಲುವ ಖರ್ಚಷ್ಟೇ ಲೆಕ್ಕ. ಮನೆ ಮುಂದೆ ಕಿರಾಣಿ ಅಂಗಡಿ ಇದ್ದರೆ, ಪಡಸಾಲೆಯಲ್ಲಿ ಹತ್ತಿ, ಭತ್ತ ಒಟ್ಟಿದ್ದರೆ ಅದನ್ನು ಮುಚ್ಚಿಡದೆ ಮೊದಲೇ ಹೇಳಿ. ಗೋಡೆ ಮಣ್ಣಿನದಾದರೆ ಮಣ್ಣಿನದೇ ಎಂದು ಬರೆಸಿ, ಒಪ್ಪುತ್ತಾರೋ ಇಲ್ಲವೋ ಕೇಳಿ ಆಮೇಲೆ ಕಂತು ಕಟ್ಟಿ. ಸಾಲ ತಗೊಂಡು ಮನೆ ಕಟ್ಟಿದವರು, ಸಾಲದ ಜೊತೆ ಮಾಡಿಸಿದ ವಿಮೆ ಮನೆಯದೋ, ಬರೀ ಸಾಲಗಾರನ ಜೀವದ್ದೋ ನೋಡಿಕೊಳ್ಳಿ. ಎರಡೂ ಬೇರೆ ಬೇರೆ.

2009ರ ಅಕ್ಟೋಬರಿನ ಮಳೆ, ನೆರೆಗೆ ನಮ್ಮ ಜಿಲ್ಲೆಯಲ್ಲಿ ಬಿದ್ದ ಮನೆಗಳನ್ನು ಕಂಡವರು ಈ ಸಭೆಯಲ್ಲೇ ಇದ್ದೀರಿ. ಆಗ ಸರ್ಕಾರದ ಪರಿಹಾರದ ದಾರಿ ಕಾಯ್ದೆವು. ವಿಮೆಯ ಕಾಗದ ಹಿಡಿದು ನಿಂತವರು ಒಬ್ಬರೂ ನಮಗೆ ನೆನಪಿಗೆ ಬರುವುದಿಲ್ಲ.

ನಿಮ್ಮ ಹತ್ತಿರ ಪಾಲಿಸಿ ಇದ್ದರೆ ಸಂಘದ ಕಚೇರಿಗೆ ತಗೊಂಡು ಬರ್ರಿ, ಕೂತು ಓದೋಣ. ಬರುವ ಮುಂಚೆ ಬಚ್ಚಲ ಗೋಡೆಯನ್ನೊಮ್ಮೆ ಕೈಯಿಂದ ಮುಟ್ಟಿ ನೋಡ್ರಿ.